ಕೊಂಡಿ ಹಾಕುವವರು, ಕೊಂಡಿ ಕಳಚುವವರು

ಸೆಮಿಸ್ಟರ್ ಪರೀಕ್ಷೆ ಮುಗಿದು ಎಲ್ಲರೂ ಊರಿಗೆ ಹೋಗಿದ್ವಿ. ರಜೆಯಲ್ಲಿ ನಮ್ಮ ಬಳಗದ ಪದಕೋಶ ವಿಕಿಯ ಕಡೆ ಯಾರೂ ತಲೆ ಹಾಕಲಿಲ್ಲ. ವಾಪಸ್ ಬಂದು ತೆರೆದು ನೋಡಿದರೆ, 340 ಪುಟ ಇದ್ದ ವಿಕಿಯಲ್ಲಿ ಹನ್ನೊಂದು ಸಾವಿರ ಪುಟ! ಒಂದು ಕ್ಷಣ ಖುಷಿಯೂ ಆಯ್ತು ಅನ್ನಿ. ನಮ್ಮ ಕಾಲೇಜಿನ ಹುಡುಗರು ರಜೆಯಲ್ಲಿ ಕೂತು ಬರೆದುಬಿಟ್ಟರೇನೋ ಅಂತ. ಆಮೇಲೆ ನೋಡಿದರೆ ಎಲ್ಲವೂ ಇಂಗ್ಲಿಷಿನಲ್ಲಿ, ಎಲ್ಲವೂ ಸಾಲ, ಜೂಜು, ತೂಕ ಇಳಿಸುವ ಮಾತ್ರೆ, ನಕಲಿ ಪದವಿ ಪತ್ರ. ನಮ್ಮದೇ ಹಳೆಯ ಪುಟಗಳನ್ನೂ ಬಿಟ್ಟಿರಲಿಲ್ಲ. 'ಸ್ನಿಗ್ಧತೆ' ಅನ್ನೋ ಪುಟದಲ್ಲಿ ದ್ರವಗಳ ಹರಿವಿನ ಬಗ್ಗೆ ಬರೆದಿದ್ದ ಎರಡು ಪ್ಯಾರಾದ ಕೆಳಗೆ ಕೂದಲೆಣ್ಣೆ ಮಾರುವವರ ಕೊಂಡಿ. ಬಾಟ್‌ಗೆ ಕನ್ನಡ ಬರುತ್ತೆ ಅಂತ ಒಬ್ಬ ಜೋಕ್ ಮಾಡಿದ. ಯಾರೂ ನಗಲಿಲ್ಲ.

ಆ ವಿಕಿ ಶುರುವಾಗಿದ್ದು ಕನ್ನಡ ಮಾಧ್ಯಮದಿಂದ ಬಂದು ಮೊದಲ ಸೆಮಿಸ್ಟರ್‌ನಲ್ಲಿ ಒದ್ದಾಡುವವರಿಗಾಗಿ. ಹತ್ತನೇ ಕ್ಲಾಸಿನವರೆಗೆ ಜಡತ್ವ, ಘರ್ಷಣೆ ಅಂತ ಓದಿ ಬಂದವನಿಗೆ ಇಲ್ಲಿ ಒಂದೇ ಸಲ ಇಂಗ್ಲಿಷ್ ಪಾರಿಭಾಷಿಕ ಪದಗಳು ಮೇಲೆ ಬೀಳ್ತವೆ. ಪ್ರತಿ ಪದಕ್ಕೆ ಕನ್ನಡದಲ್ಲಿ ಒಂದು ಪುಟ, ಒಂದು ಉದಾಹರಣೆ, ಹೆಚ್ಚು ಓದಲು ಒಂದೆರಡು ಕೊಂಡಿ, ಇಷ್ಟೇ ಯೋಜನೆ. ಯಾರು ಬೇಕಾದರೂ ತಿದ್ದಬಹುದು ಅಂತ ಬಾಗಿಲು ತೆರೆದಿಟ್ಟಿದ್ವಿ. ನಾವು ಬಳಸಿದ್ದು ವಿಕಿಪೀಡಿಯ ಬಳಸುವ ಮೀಡಿಯಾವಿಕಿ ತಂತ್ರಾಂಶವನ್ನೇ. ಅದನ್ನು ಸುಮ್ಮನೆ ಇನ್‌ಸ್ಟಾಲ್ ಮಾಡಿ ಬಿಟ್ಟರೆ ಖಾತೆ ಇಲ್ಲದವರೂ ತಿದ್ದಬಹುದು. ಅದು ದೋಷವಲ್ಲ, 1995ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಮೊದಲ ವಿಕಿ ಮಾಡಿದಾಗಿನಿಂದ ಬಂದ ನಂಬಿಕೆ: ಹಾಳು ಮಾಡೋದು ಎಷ್ಟು ಸುಲಭವೋ ಸರಿ ಮಾಡೋದು ಅದಕ್ಕಿಂತ ಸುಲಭವಾಗಿರಲಿ. ಮನುಷ್ಯರ ವಿಷಯದಲ್ಲಿ ಆ ಲೆಕ್ಕ ಸರಿ. ಯಂತ್ರ ಹಾಳು ಮಾಡೋಕೆ ನಿಂತರೆ, ಸರಿ ಮಾಡೋಕೂ ಯಂತ್ರವೇ ಬೇಕು.

ಹನ್ನೊಂದು ಸಾವಿರ ಪುಟ ಅಳಿಸಿದ ಕತೆ ದೊಡ್ಡದೇನಲ್ಲ. 'ನ್ಯೂಕ್' ಅಂತ ಒಂದು ವಿಸ್ತರಣೆ ಇದೆ, ಒಂದು ಖಾತೆ ಇತ್ತೀಚೆಗೆ ಸೃಷ್ಟಿಸಿದ ಪುಟಗಳನ್ನು ಒಟ್ಟಿಗೆ ಅಳಿಸುತ್ತೆ. ಹಳೆ ಪುಟಗಳಿಗೆ ಸೇರಿಸಿದ್ದನ್ನು 'ಇತಿಹಾಸ'ಕ್ಕೆ ಹೋಗಿ ಹಿಂದಿನ ಆವೃತ್ತಿಗೆ ತಿರುಗಿಸಿದ್ವಿ. ಎರಡು ರಾತ್ರಿ, ಮೂರು ಜನ, ಹಾಸ್ಟೆಲ್ ಪಕ್ಕದ ಅಂಗಡಿಯ ಲೆಕ್ಕವಿಲ್ಲದಷ್ಟು ಟೀ. ಅದಾದ ಮೇಲೆ ಮಾಡಿದ ತಪ್ಪುಗಳೇ ಈ ಬರಹಕ್ಕೆ ಕಾರಣ.

ಮೊದಲು ಒಂದು ಪ್ರಶ್ನೆ ನಮ್ಮನ್ನು ಕಾಡಿತು. ದಿನಕ್ಕೆ ನಲವತ್ತು ಜನ ನೋಡುವ ಕನ್ನಡ ವಿಕಿಯಲ್ಲಿ ಇಂಗ್ಲಿಷ್ ಜಾಹೀರಾತು ಹಾಕಿ ಯಾರಿಗೆ ಏನು ಲಾಭ? ಯಾರು ಓದ್ತಾರೆ ಅಂತ?

ಉತ್ತರ: ಯಾರೂ ಓದಬೇಕಿಲ್ಲ. ಅದು ಓದುಗರಿಗೆ ಹಾಕಿದ್ದಲ್ಲ, ಸರ್ಚ್ ಎಂಜಿನ್‌ಗೆ ಹಾಕಿದ್ದು. ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ 1998ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪೇಜ್‌ರ‍್ಯಾಂಕ್ ಎಂಬ ಲೆಕ್ಕಾಚಾರ ಇದೆ. ಅದರ ತಿರುಳು ಸರಳ. ಒಂದು ಪುಟ ಇನ್ನೊಂದಕ್ಕೆ ಕೊಂಡಿ ಕೊಟ್ಟರೆ ಅದು ಒಂದು ಮತ. ಆದರೆ ಎಲ್ಲ ಮತಕ್ಕೂ ಒಂದೇ ಬೆಲೆ ಇಲ್ಲ. ತನಗೇ ಹೆಚ್ಚು ಮತ ಬಂದ ಪುಟ ಹಾಕುವ ಮತಕ್ಕೆ ಬೆಲೆ ಹೆಚ್ಚು. ಸಿವಿಲ್‌ನವರಿಗೆ ತೊಟ್ಟಿ ಮತ್ತು ಕೊಳವೆ ಅಂತ ಹೇಳಬಹುದು. ಒಂದು ಪುಟದಲ್ಲಿ 1 ಮಾನದಷ್ಟು ಅಂಕ ಇದೆ, ಅದರಿಂದ 4 ಕೊಂಡಿ ಹೊರಗೆ ಹೋಗ್ತವೆ ಅಂತಿಟ್ಟುಕೊಳ್ಳಿ. ಪ್ರಬಂಧದಲ್ಲಿ ಸಾಮಾನ್ಯವಾಗಿ ಬಳಸಿದ 0.85 ಎಂಬ ಗುಣಕವನ್ನು ತಗೊಂಡರೆ ಪ್ರತಿ ಕೊಂಡಿಯ ಪಾಲಿಗೆ 0.85 ಭಾಗಿಸು 4, ಅಂದರೆ 0.2125. ಈಗ ಬಾಟ್ ಬಂದು ಐದನೇ ಕೊಂಡಿ ಸೇರಿಸಿತು. ಪ್ರತಿಯೊಂದಕ್ಕೂ 0.17. ಗಮನಿಸಿ, ಕೂದಲೆಣ್ಣೆಯವನು ತನ್ನ ಪಾಲು ತಗೊಂಡದ್ದಷ್ಟೇ ಅಲ್ಲ, ನಾವು ಪ್ರೀತಿಯಿಂದ ಕೊಟ್ಟಿದ್ದ ಬೇರೆ ನಾಲ್ಕು ಕೊಂಡಿಗಳ ಪಾಲಿನಿಂದಲೂ ಕಿತ್ತುಕೊಂಡ. ಹೀಗೆ ಹತ್ತು ಸಾವಿರ ಸಣ್ಣ ತೊಟ್ಟಿಗಳಿಗೆ ಕೊಳವೆ ಹಾಕಿದರೆ ಒಂದು ಕೆರೆಯೇ ತುಂಬುತ್ತೆ. (ಇವತ್ತಿನ ಸರ್ಚ್ ಎಂಜಿನ್‌ಗಳು ಇದೊಂದೇ ಲೆಕ್ಕದ ಮೇಲೆ ನಡೆಯೋದಿಲ್ಲ, ಆದರೂ ಕೊಂಡಿಯ ಬೆಲೆ ಹೋಗಿಲ್ಲ.)

ಇದಕ್ಕೆ ಮದ್ದು ಅಂತ 2005ರ ಜನವರಿಯಲ್ಲಿ ಗೂಗಲ್ ಒಂದು ಗುರುತನ್ನು ಜಾರಿಗೆ ತಂತು: ನೋಫಾಲೋ. ಯಾಹೂ ಮತ್ತು ಮೈಕ್ರೋಸಾಫ್ಟ್‌ನವರೂ ಒಪ್ಪಿದರು. ಕೊಂಡಿಯ ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಈ ಒಂದು ಪದ ಇದ್ದರೆ, 'ಈ ಕೊಂಡಿಯನ್ನು ನಮ್ಮ ಮತ ಅಂತ ಎಣಿಸಬೇಡಿ' ಎಂದರ್ಥ. ಓದುಗ ಒತ್ತಿದರೆ ಕೊಂಡಿ ಎಂದಿನಂತೆ ತೆರೆಯುತ್ತೆ, ಅಂಕ ಮಾತ್ರ ಹರಿಯೋದಿಲ್ಲ. ಕೊಳವೆ ಇದೆ, ನಲ್ಲಿ ಮುಚ್ಚಿದೆ. ಇಂಗ್ಲಿಷ್ ವಿಕಿಪೀಡಿಯ ಇದನ್ನು ತನ್ನ ಲೇಖನಗಳ ಎಲ್ಲ ಹೊರಗಿನ ಕೊಂಡಿಗಳಿಗೂ ಅನ್ವಯಿಸಿದ್ದು 2007ರ ಜನವರಿಯಲ್ಲಿ, ಸಾಕಷ್ಟು ವಾದ ವಿವಾದಗಳ ನಂತರ. ವಾದಕ್ಕೆ ಕಾರಣ ಇತ್ತು. ವಿಕಿಪೀಡಿಯದ ಸಂಪಾದಕರು ಆರಿಸಿ ಕೊಟ್ಟ ಒಳ್ಳೆಯ ಕೊಂಡಿಗಳೂ ಮತ ಕಳೆದುಕೊಂಡವಲ್ಲ! ಕಳ್ಳನಿಗೆ ಹೆದರಿ ಊಟದ ಮನೆಯನ್ನೇ ಮುಚ್ಚಿದ ಹಾಗೆ ಅಂತ ಹಲವರಿಗೆ ಅನ್ನಿಸಿತು. ನಮಗೂ ಸ್ವಲ್ಪ ಹಾಗೇ ಅನ್ನಿಸುತ್ತೆ. 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಇನ್ನೆರಡು ಗುರುತು ಸೇರಿಸಿತು, ಬಳಕೆದಾರರು ಹಾಕಿದ ಕೊಂಡಿಗೆ ಒಂದು, ದುಡ್ಡು ಕೊಟ್ಟು ಹಾಕಿಸಿದ ಕೊಂಡಿಗೆ ಒಂದು. ಜೊತೆಗೆ ಇವೆಲ್ಲವನ್ನೂ ಇನ್ನು ಮುಂದೆ ಕಟ್ಟಪ್ಪಣೆಯಾಗಿ ಅಲ್ಲ, ಸುಳಿವಾಗಿ ಮಾತ್ರ ನೋಡ್ತೀವಿ ಅಂತ ಹೇಳಿತು.

ಇಷ್ಟು ಓದಿದ ಮೇಲೆ ನಾವು ಓಡಿ ಹೋಗಿ ನಮ್ಮ ವಿಕಿಯ ಸೆಟ್ಟಿಂಗ್ ನೋಡಿದ್ವಿ. ಮೀಡಿಯಾವಿಕಿಯಲ್ಲಿ ನೋಫಾಲೋ ಮೊದಲಿನಿಂದಲೇ ಆನ್ ಆಗಿರುತ್ತೆ! ಅಂದರೆ ಆ ಹನ್ನೊಂದು ಸಾವಿರ ಪುಟಗಳಿಂದ ಸ್ಪ್ಯಾಮರ್‌ಗೆ ನೇರ ಮತ ಹೋಗ್ತಾ ಇರಲಿಲ್ಲ. ಆದರೂ ಬಂದರು. ಯಾಕೆ? ಒಂದು ವಿಕಿ ತೆರೆದಿದೆಯೋ, ನೋಫಾಲೋ ಇದೆಯೋ ಅಂತ ಪರೀಕ್ಷಿಸುವ ಕಷ್ಟಕ್ಕಿಂತ ಸುಮ್ಮನೆ ಎಲ್ಲ ಕಡೆ ಎಸೆಯೋದೇ ಅಗ್ಗ. ಒಂದು ಪುಟ ಸೃಷ್ಟಿಸಲು ಬಾಟ್‌ಗೆ ತಗಲುವ ಖರ್ಚು ಹೆಚ್ಚು ಕಡಿಮೆ ಸೊನ್ನೆ. ಜೊತೆಗೆ ವಿಕಿಯ ಪುಟಗಳನ್ನು ಬೇರೆ ಸೈಟುಗಳು ನಕಲು ಮಾಡಿ ಹಾಕಿಕೊಳ್ತವೆ, ಆ ನಕಲುಗಳಲ್ಲಿ ನೋಫಾಲೋ ಇರಲೇಬೇಕು ಅಂತೇನಿಲ್ಲ. ಹಾಗಾಗಿ ನೋಫಾಲೋ ಲಾಭವನ್ನು ಕಡಿಮೆ ಮಾಡುತ್ತೆ, ಕಸವನ್ನಲ್ಲ. ಬಾಗಿಲಲ್ಲೇ ತಡೆಯೋ ಕೆಲಸ ಬೇರೆ.

ಬಾಗಿಲಿಗೆ ನಾವು ಹಾಕಿದ ಮೊದಲ ಚಿಲಕ ಕ್ಯಾಪ್ಚಾ. ಅಂಕುಡೊಂಕು ಇಂಗ್ಲಿಷ್ ಅಕ್ಷರಗಳ ಚಿತ್ರ ಬೇಡ, ನಮ್ಮದು ಕನ್ನಡ ಬಳಗ ಅಂತ, ಮೀಡಿಯಾವಿಕಿಯ ಕನ್ಫರ್ಮ್‌ಎಡಿಟ್ ವಿಸ್ತರಣೆಯಲ್ಲಿ ನಮ್ಮದೇ ಪ್ರಶ್ನೆ ಇಡುವ ಸೌಕರ್ಯ ಬಳಸಿದ್ವಿ. ಪ್ರಶ್ನೆ: 'ಕನ್ನಡ ವರ್ಣಮಾಲೆಯಲ್ಲಿ ಕ ನಂತರ ಬರುವ ಅಕ್ಷರ ಯಾವುದು?' ಬಾಟ್‌ಗಳು ಅಲ್ಲೇ ನಿಂತವು. ಎಂಥ ಐಡಿಯಾ ಅಂತ ನಮ್ಮ ಬೆನ್ನು ನಾವೇ ತಟ್ಟಿಕೊಂಡ್ವಿ. ಮೂರನೇ ದಿನ ಕಂಪ್ಯೂಟರ್ ಲ್ಯಾಬ್‌ನಿಂದ ದೂರು: "ಅಣ್ಣ, ಉತ್ತರ ಗೊತ್ತು, ಆದ್ರೆ ಇಲ್ಲಿನ ಸಿಸ್ಟಮ್‌ನಲ್ಲಿ ಕನ್ನಡ ಟೈಪ್ ಆಗಲ್ಲ." ಖ ಅನ್ನೋದನ್ನು ಹೊರಗಿನಿಂದ ಕಾಪಿ ಮಾಡಿ ಅಂಟಿಸಬೇಕಾಗಿತ್ತು ಪಾಪ. ಆಮೇಲೆ ಪ್ರಶ್ನೆ ಕನ್ನಡದಲ್ಲಿ, ಉತ್ತರ ಅಂಕಿಯಲ್ಲಿ ಇರುವ ಹಾಗೆ ಬದಲಾಯಿಸಿದ್ವಿ: 'ಹನ್ನೆರಡಕ್ಕೆ ಏಳು ಕೂಡಿಸಿದರೆ?' ಇವತ್ತಿನ ಭಾಷಾ ಮಾದರಿಗಳಿಗೆ ಇದು ಪ್ರಶ್ನೆಯೇ ಅಲ್ಲ, ಗೊತ್ತು. ಆದರೆ ಸ್ಪ್ಯಾಮ್ ಬಾಟ್ ನಡೆಸುವವನು ಒಂದು ಸಣ್ಣ ವಿಕಿಗೋಸ್ಕರ ಅಷ್ಟು ಖರ್ಚು ಮಾಡಿದರೆ ಅವನ ಲೆಕ್ಕ ಕೈಕೊಡುತ್ತೆ. ನಮ್ಮ ರಕ್ಷಣೆ ಇರೋದು ಪ್ರಶ್ನೆಯ ಕಷ್ಟದಲ್ಲಿ ಅಲ್ಲ, ಅವನ ಜುಗ್ಗತನದಲ್ಲಿ.

ಇನ್ನೊಂದು ವಿಷಯ. ಎಲ್ಲರಿಗೂ, ಪ್ರತಿ ಸಲವೂ ಈ ಪ್ರಶ್ನೆ ಕೇಳಬೇಕಿಲ್ಲ. ಹೊಸಬರು ಹೊರಗಿನ ಕೊಂಡಿ ಸೇರಿಸಿದಾಗ ಮಾತ್ರ ಕೇಳು ಅಂತ ಹೇಳಬಹುದು. ವಿಕಿಪೀಡಿಯದಲ್ಲೂ ಹೊಸ ಖಾತೆಯಿಂದ ಕೊಂಡಿ ಹಾಕಿದರೆ ಕ್ಯಾಪ್ಚಾ ಬರುತ್ತೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಖಾತೆ ತೆರೆದು 4 ದಿನ ಆಗಿ, 10 ತಿದ್ದುಪಡಿ ಮಾಡಿದವರನ್ನು ಹೊಸಬರ ಪಟ್ಟಿಯಿಂದ ತಾನಾಗಿಯೇ ತೆಗೆಯುತ್ತೆ. ಸ್ಪ್ಯಾಮರ್‌ಗೆ ಬೇಕಾದದ್ದು ಕೊಂಡಿ ಒಂದೇ ತಾನೆ, ಆದ್ದರಿಂದ ಕೊಂಡಿಯ ಹತ್ತಿರವೇ ಕಾವಲು. ಬರೀ ವಾಕ್ಯ ತಿದ್ದುವವನಿಗೆ ಯಾಕೆ ಕಿರಿಕಿರಿ?

ಎರಡನೇ ಚಿಲಕ ಕಪ್ಪುಪಟ್ಟಿ. ಸ್ಪ್ಯಾಮ್ ಬ್ಲ್ಯಾಕ್‌ಲಿಸ್ಟ್ ಎಂಬ ವಿಸ್ತರಣೆ ಪುಟ ಉಳಿಸುವ ಕ್ಷಣದಲ್ಲಿ ಹೊಸ ಕೊಂಡಿಗಳ ವಿಳಾಸವನ್ನು ಒಂದು ಪಟ್ಟಿಗೆ ಹೋಲಿಸಿ ನೋಡುತ್ತೆ. ವಿಕಿಮೀಡಿಯದ ಎಲ್ಲ ಭಾಷೆಯ ಯೋಜನೆಗಳಿಗೂ ಸೇರಿದ ಸಾಮಾನ್ಯ ಪಟ್ಟಿಯೊಂದು ಮೆಟಾ-ವಿಕಿಯಲ್ಲಿದೆ. ನಮ್ಮಂಥ ಹೊರಗಿನವರು ಈ ವಿಸ್ತರಣೆ ಹಾಕಿಕೊಂಡರೆ ಅದೂ ಮಾಮೂಲಾಗಿ ಆ ಪಟ್ಟಿಯನ್ನೇ ತರಿಸಿಕೊಳ್ಳುತ್ತೆ. ಪ್ರಪಂಚದ ಇನ್ನೊಂದು ಮೂಲೆಯಲ್ಲಿ ಯಾರೋ ಪುಣ್ಯಾತ್ಮರು ಸೇರಿಸಿದ ಸಾಲು ನಮ್ಮ ಕಾಲೇಜಿನ ವಿಕಿಯನ್ನು ಕಾಯ್ತಾ ಇರುತ್ತೆ. ವಿಳಾಸ ಚಿಕ್ಕದು ಮಾಡುವ ಬಿಟ್‌ಲಿ ತರದ ಸೇವೆಗಳೂ ಆ ಪಟ್ಟಿಯಲ್ಲಿವೆ. ನಾವು ಮೊದಲು ಗೊಣಗಿದ್ವಿ, ವಾಟ್ಸಾಪ್‌ನಲ್ಲಿ ಎಲ್ಲರೂ ಅದನ್ನೇ ಕಳಿಸೋದಲ್ವಾ ಅಂತ. ಯೋಚಿಸಿದರೆ ಕಾರಣ ನೇರವಾಗಿದೆ: ಚಿಕ್ಕ ವಿಳಾಸದ ಹಿಂದೆ ಯಾವ ಸೈಟ್ ಇದೆ ಅಂತ ಪಟ್ಟಿಗೆ ಕಾಣೋದಿಲ್ಲ. ಮುಸುಕು ಹಾಕಿಕೊಂಡು ಬಂದವರನ್ನು ಒಳಗೆ ಬಿಟ್ಟರೆ ಪಟ್ಟಿ ಇದ್ದೂ ಇಲ್ಲದ ಹಾಗೆ.

ಪಟ್ಟಿಯ ಸಾಲುಗಳು ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳು. ಇಲ್ಲಿ ಪ್ರೋಗ್ರಾಮಿಂಗ್ ಲ್ಯಾಬ್‌ನಲ್ಲಿ ಕೂತವರೆಲ್ಲ ಒಂದಲ್ಲ ಒಂದು ಸಲ ಬೀಳುವ ಗುಂಡಿ ಇದೆ. ಒಂದು ಕೆಟ್ಟ ಪದವನ್ನು ತಡೆಯಲು ಹೋಗಿ, ಪದದ ಎಲ್ಲೆ ಗುರುತು ಮಾಡದೆ ಬಿಟ್ಟರೆ, ಆ ಅಕ್ಷರಗಳು ಒಳಗೆ ಅಡಗಿರುವ ಒಳ್ಳೆಯ ಪದಗಳೂ ಸಿಕ್ಕಿಬೀಳ್ತವೆ. 1996ರಲ್ಲಿ ಎಓಎಲ್‌ನ ಸೋಸುಕ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಖಾತೆ ತೆರೆಯೋಕೇ ಬಿಡಲಿಲ್ಲ. ಊರಿನ ಹೆಸರಿನ ನಡುವೆ ನಾಲ್ಕು ಅಕ್ಷರದ ಒಂದು ಬೈಗುಳ ಕೂತಿತ್ತು. ಊರಿನವರ ತಪ್ಪೇನು? ಇಡೀ ಸಮಸ್ಯೆಗೇ ಆ ಊರಿನ ಹೆಸರು ಬಿತ್ತು. ಈ ಕತೆ ಓದಿ ನಾವು ಜೋರಾಗಿ ನಕ್ಕಿದ್ವಿ. ನಗಬಾರದಿತ್ತು.

ಯಾಕೆಂದರೆ ಮೂರನೇ ಚಿಲಕ ಅಬ್ಯೂಸ್ ಫಿಲ್ಟರ್. ಇದು ಕೊಂಡಿಯ ವಿಳಾಸ ಮಾತ್ರ ಅಲ್ಲ, ತಿದ್ದುಪಡಿಯ ಸ್ವಭಾವವನ್ನೇ ನೋಡುತ್ತೆ: ಯಾರು, ಎಷ್ಟು ಹಳಬರು, ಏನು ಸೇರಿಸಿದರು, ಎಷ್ಟು ಅಳಿಸಿದರು. ನಿಯಮ ನಾವೇ ಬರೆಯಬಹುದು. ನಮ್ಮ ಒಂದು ನಿಯಮ ಈಗಲೂ ನಮಗೆ ಹೆಮ್ಮೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಕೋಣೆ ಮೀಸಲಾಗಿದೆ. ಹೊಸ ಖಾತೆಯೊಂದು ಹೊರಗಿನ ಕೊಂಡಿ ಸೇರಿಸಿದೆ, ಸೇರಿಸಿದ ಪಠ್ಯದಲ್ಲಿ ಆ ಕೋಣೆಯ ಒಂದೇ ಒಂದು ಅಕ್ಷರವೂ ಇಲ್ಲ ಅಂದರೆ, ತಡೆ. ಇಷ್ಟೇ. ಕನ್ನಡದ ವಿಕಿಗೆ ಬಂದು ಒಂದಕ್ಷರ ಕನ್ನಡ ಬರೆಯದೆ ಕೊಂಡಿ ಮಾತ್ರ ಅಂಟಿಸಿ ಹೋಗುವವರು ಯಾರು ಅಂತ ಊಹಿಸೋದು ಕಷ್ಟವಲ್ಲ. ಕಸದ ಮುಕ್ಕಾಲು ಭಾಗ ಇದೊಂದರಿಂದಲೇ ನಿಂತುಹೋಯ್ತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಸ್ಪ್ಯಾಮರ್‌ಗಳು ಕಪ್ಪುಪಟ್ಟಿ ತಪ್ಪಿಸಲು ಪದಗಳ ನಡುವೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರಗಳನ್ನು ತೂರಿಸ್ತಾರೆ ಅಂತ ಎಲ್ಲೋ ಓದಿದ್ವಿ. ನಿಜವೇ, ಅದು ಹಳೇ ತಂತ್ರ. ಉತ್ಸಾಹದಲ್ಲಿ ಒಂದು ನಿಯಮ ಬರೆದ್ವಿ: ಹೊಸ ಖಾತೆಯಿಂದ ಬಂದ ಪಠ್ಯದಲ್ಲಿ ಅಂಥ ಅಕ್ಷರ ಐದಕ್ಕಿಂತ ಹೆಚ್ಚಿದ್ದರೆ ತಡೆ, ಮೂರು ಸಲ ಪ್ರಯತ್ನಿಸಿದರೆ ಖಾತೆಗೆ ಬೀಗ. ಪರೀಕ್ಷೆಗೆ ಅಂತ ಕೆಲವು ಇಂಗ್ಲಿಷ್ ವಾಕ್ಯ ಹಾಕಿ ನೋಡಿದ್ವಿ, ಚೆನ್ನಾಗಿ ಕೆಲಸ ಮಾಡ್ತು.

ಕನ್ನಡ ಟೈಪ್ ಮಾಡುವವರಿಗೆ ಈಗಾಗಲೇ ಹೊಳೆದಿರಬೇಕು. ನಮ್ಮ ಲಿಪಿಯಲ್ಲಿ ವ್ಯಂಜನಕ್ಕೆ ಹಲಂತ ಬಂದು, ಅದರ ಹಿಂದೆ ಇನ್ನೊಂದು ವ್ಯಂಜನ ಬಂದರೆ ಒತ್ತಕ್ಷರ ಆಗುತ್ತೆ. 'ಎಂಜಿನ್‌ಗಳು' ಅಂತ ಬರೆಯುವಾಗ ನ್ ಮತ್ತು ಗ ಅಂಟಿಕೊಳ್ಳದೆ ಬೇರೆ ಬೇರೆ ನಿಲ್ಲಬೇಕಾದರೆ ನಡುವೆ ಒಂದು ಕಾಣದ ಅಕ್ಷರ ಬೇಕೇ ಬೇಕು. 'ರ‍್ಯಾಂಕ್' ಬರೆಯುವಾಗ ರಕಾರ ಅರ್ಕಾವೊತ್ತು ಆಗದಿರಲು ಇನ್ನೊಂದು ತರದ ಕಾಣದ ಅಕ್ಷರ. ಮೇಲೆ ಬರೆದ 'ಪೇಜ್‌ರ‍್ಯಾಂಕ್' ಪದ ಒಂದರಲ್ಲೇ ಎರಡೂ ಇವೆ. ಎಂಜಿನಿಯರಿಂಗ್ ವಿಷಯವನ್ನು ಕನ್ನಡದಲ್ಲಿ ಬರೆದರೆ ಇಂಗ್ಲಿಷ್ ಮೂಲದ ಪದಗಳು ಸಹಜವಾಗಿ ಹೆಚ್ಚು, ಅಂದರೆ ಈ ಕಾಣದ ಅಕ್ಷರಗಳೂ ಹೆಚ್ಚು. ಒಂದು ಪುಟದಲ್ಲಿ ಐದಲ್ಲ, ಐವತ್ತು ಇರ್ತವೆ. ಕನ್ನಡಕ್ಕಾಗಿಯೇ ಮಾಡಿದ ವಿಕಿಯಲ್ಲಿ, ಕನ್ನಡವನ್ನು ಸರಿಯಾಗಿ ಬರೆದವರನ್ನೇ ಹಿಡಿದು ಹೊರಹಾಕುವ ನಿಯಮವನ್ನು ನಾವು, ಕನ್ನಡ ಬಳಗದವರು, ನಮ್ಮ ಕೈಯಾರೆ ಬರೆದಿದ್ವಿ.

ಐದು ವಾರ ಯಾರಿಗೂ ಗೊತ್ತಾಗಲಿಲ್ಲ. ಹೊಸಬರು ಯಾರೂ ಬರ್ತಿಲ್ಲ, ಇಂಟರ್ನಲ್ಸ್ ಟೈಮು, ಅದಕ್ಕೇ ಇರಬೇಕು ಅಂದ್ಕೊಂಡ್ವಿ. ಆಮೇಲೆ ಒಂದಿನ ಫಿಲ್ಟರ್‌ನ ದಾಖಲೆ ತೆರೆದಾಗ ಕಾಂಕ್ರೀಟ್ ಕ್ಯೂರಿಂಗ್ ಬಗ್ಗೆ ನಾಲ್ಕು ಪುಟದಷ್ಟು ಬರಹ ಕಣ್ಣಿಗೆ ಬಿತ್ತು. ಸಿಮೆಂಟಿಗೆ ನೀರು ಯಾಕೆ ಬೇಕು, ಒಣಗೋದು ಬೇರೆ ಗಟ್ಟಿಯಾಗೋದು ಬೇರೆ ಅಂತ, ಮನೆ ಕಟ್ಟುವಾಗ ಗೋಣಿಚೀಲ ಒದ್ದೆ ಮಾಡಿ ಹೊದಿಸೋದನ್ನು ಹಿಡಿದು ವಿವರಿಸಿದ್ದಳು ಮೊದಲ ವರ್ಷದ ಹುಡುಗಿಯೊಬ್ಬಳು. ಕೊನೆಯಲ್ಲಿ ಎರಡು ಕೊಂಡಿ, ಎರಡೂ ಸರಿಯಾದವು. ಮೂರು ಸಲ ಉಳಿಸಲು ಪ್ರಯತ್ನಿಸಿದ್ದಳು. ಮೂರು ಸಲವೂ 'ಈ ತಿದ್ದುಪಡಿ ಹಾನಿಕಾರಕ' ಎಂಬ ಸಂದೇಶ. ನಾಲ್ಕನೇ ಸಲಕ್ಕೆ ಖಾತೆಗೆ ಬೀಗ.

ಹುಡುಕಿಕೊಂಡು ಹೋಗಿ ಮಾತಾಡಿಸಿದ್ವಿ. ದೂರು ಯಾಕೆ ಕೊಡಲಿಲ್ಲ ಅಂದ್ವಿ. "ನಾನು ಬರೆದ ಕನ್ನಡ ಸರಿ ಇಲ್ಲ ಅಂತ ತಡೀತಿದೆ ಅಂದ್ಕೊಂಡೆ ಅಣ್ಣ," ಅಂದಳು. ಆ ನಾಲ್ಕು ಪುಟ ಅವಳು ಟೈಪ್ ಮಾಡಿದ್ದು ಮೊಬೈಲಿನಲ್ಲಿ. ಪ್ರತಿ ಕೊಂಡಿಯನ್ನೂ ಅನುಮಾನದಿಂದ ನೋಡುವವರಿಗೆ ನಮ್ಮದೇ ನಿಯಮದ ಮೇಲೆ ಒಂದು ಚೂರು ಅನುಮಾನ ಬಂದಿರಲಿಲ್ಲ. ಫಿಲ್ಟರ್ ತಡೆದ ಪಠ್ಯ ಅದರ ದಾಖಲೆಯಲ್ಲಿ ಉಳಿದಿರುತ್ತೆ, ಅದೊಂದು ಪುಣ್ಯ. ಅಲ್ಲಿಂದಲೇ ಎತ್ತಿ ಅವಳ ಖಾತೆಯಿಂದ ಪ್ರಕಟಿಸಿದ್ವಿ.

ಇದು ಬರೀ ನಮ್ಮ ಅಜಾಗರೂಕತೆ ಅಂತ ಮುಗಿಸಿಬಿಡಬಹುದಿತ್ತು. ಆದರೆ ಎಚ್ಚರಿಕೆಯಿಂದ ಬರೆದ ಫಿಲ್ಟರ್‌ನಲ್ಲೂ ಒಂದು ಲೆಕ್ಕದ ತೊಡಕಿದೆ, ಪ್ರಾಬಬಿಲಿಟಿ ಪೇಪರ್ ಬರೆದವರು ಮಾಡಿ ನೋಡಿ. 1000 ತಿದ್ದುಪಡಿ ಬಂದವು, ಅದರಲ್ಲಿ 40 ಸ್ಪ್ಯಾಮ್ ಅಂತಿಟ್ಟುಕೊಳ್ಳಿ. ಫಿಲ್ಟರ್ ನೂರಕ್ಕೆ 90 ಸ್ಪ್ಯಾಮ್ ಹಿಡಿಯುತ್ತೆ, ಒಳ್ಳೆಯ ತಿದ್ದುಪಡಿಗಳಲ್ಲಿ ನೂರಕ್ಕೆ 5ನ್ನು ಮಾತ್ರ ತಪ್ಪಾಗಿ ತಡೆಯುತ್ತೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಹಿಡಿದ ಸ್ಪ್ಯಾಮ್ 36. ತಪ್ಪಾಗಿ ತಡೆದದ್ದು 960ರಲ್ಲಿ ಶೇಕಡಾ 5, ಅಂದರೆ 48. ಒಟ್ಟು ತಡೆದ 84ರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಿರಪರಾಧಿಗಳು! ಬೇಯ್ಸ್ ಪ್ರಮೇಯವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ನಮಗೆ ಅದು ನಿಜವಾಗಿ ಅರ್ಥವಾಗಿದ್ದು ಅವತ್ತು. ಅಬ್ಯೂಸ್ ಫಿಲ್ಟರ್‌ನಲ್ಲಿ ಹೊಸ ನಿಯಮವನ್ನು ಮೊದಲು 'ದಾಖಲಿಸು ಮಾತ್ರ' ಎಂಬ ಸ್ಥಿತಿಯಲ್ಲಿ ಓಡಿಸಬಹುದು. ಯಾರನ್ನೂ ತಡೆಯೋದಿಲ್ಲ, ಯಾರನ್ನು ತಡೆಯುತ್ತಿತ್ತು ಅಂತ ಬರೆದಿಡುತ್ತೆ. ಎರಡು ವಾರ ಅದನ್ನು ಓದಿ, ಆಮೇಲೆ 'ಎಚ್ಚರಿಸು', ಅದರ ನಂತರವೇ 'ತಡೆ'. ತಾನಾಗಿಯೇ ಬೀಗ ಹಾಕುವ ಅಧಿಕಾರವನ್ನು ನಾವು ಯಂತ್ರದಿಂದ ವಾಪಸ್ ತಗೊಂಡಿದ್ದೇವೆ.

ಇಂಗ್ಲಿಷ್ ವಿಕಿಪೀಡಿಯದಲ್ಲಿ 2010ರಿಂದ ಇರುವ ಕ್ಲೂಬಾಟ್ ಎನ್‌ಜಿ ತರದ ಬಾಟ್‌ಗಳು ನ್ಯೂರಲ್ ನೆಟ್‌ವರ್ಕ್ ಬಳಸಿ ಕಿಡಿಗೇಡಿ ತಿದ್ದುಪಡಿಗಳನ್ನು ತಾವೇ ತೆಗೆಯುತ್ತವೆ. ನಾವೂ ಯಾಕೆ ಒಂದು ಮಾಡಬಾರದು, ಪ್ರಾಜೆಕ್ಟ್ ಆದ ಹಾಗೂ ಆಯ್ತು ಅಂತ ಕೆಲವರು ಹೊರಟರು. ಕಲಿಸೋಕೆ ಇದು ಒಳ್ಳೇದು, ಇದು ಕೆಟ್ಟದ್ದು ಅಂತ ಮನುಷ್ಯರು ಗುರುತು ಮಾಡಿದ ಸಾವಿರಾರು ತಿದ್ದುಪಡಿ ಬೇಕು. ನಮ್ಮಲ್ಲಿ ಒಳ್ಳೆಯವು ಆರುನೂರು ಇದ್ದವು. ಯೋಜನೆ ಅಲ್ಲಿಗೆ ನಿಂತಿದೆ.

ಸ್ಪ್ಯಾಮ್ ಅಂದರೆ ಯಾರು ಅನ್ನೋದಕ್ಕೆ ಇನ್ನೊಂದು ಪಾಠ ನಮಗೆ ಸಿಕ್ಕಿದ್ದು ಹೊರಗೆ. ರಾಜ್ಯೋತ್ಸವ ಸಂಚಿಕೆ ಬಂದಾಗ ನಮ್ಮ ಬಳಗದವನೊಬ್ಬ ಸಂಜೆ ಕೂತು ಕನ್ನಡ ವಿಕಿಪೀಡಿಯದ 17 ಲೇಖನಗಳ ಕೆಳಗೆ, ನಮ್ಮ ಪತ್ರಿಕೆಯ ಸಂಬಂಧಪಟ್ಟ ಬರಹಗಳಿಗೆ ಕೊಂಡಿ ಹಾಕಿದ. ರಾತ್ರಿಯೊಳಗೆ ಎಲ್ಲವನ್ನೂ ಯಾರೋ ತೆಗೆದಿದ್ದರು. ಅವನ ಚರ್ಚಾ ಪುಟದಲ್ಲಿ ಸೌಜನ್ಯದ ಎರಡು ಸಾಲು: ಕೊಂಡಿ ಸೇರಿಸುವ ಬದಲು ಲೇಖನಕ್ಕೆ ಮಾಹಿತಿ ಸೇರಿಸಿ, ಚರ್ಚೆ ಬೇಕಿದ್ದರೆ ಅರಳಿ ಕಟ್ಟೆಗೆ ಬನ್ನಿ. (ಅಲ್ಲಿನ ಸಮುದಾಯದ ಮಾತುಕತೆಯ ಪುಟಕ್ಕೆ ಅರಳಿ ಕಟ್ಟೆ ಅಂತ ಹೆಸರು, ಎಷ್ಟು ಚೆಂದ ಅಲ್ವಾ.) ನಮಗೆಲ್ಲ ಸಿಟ್ಟು ಬಂತು. ನಮ್ಮದೇನು ಜೂಜಿನ ಸೈಟಾ? ಕನ್ನಡದ ಕೆಲಸ ಮಾಡೋರನ್ನು ಕನ್ನಡದವರೇ ತಡೀತಾರಲ್ಲ!

ಮಾರನೇ ದಿನ ಆ ಖಾತೆಯ ಕಾಣಿಕೆಗಳ ಪಟ್ಟಿ ತೆರೆದು ನೋಡಿದ್ವಿ. 17 ತಿದ್ದುಪಡಿ. 17ರಲ್ಲೂ ಒಂದೇ ಸೈಟಿನ ಕೊಂಡಿ. ಒಂದರಲ್ಲೂ ಲೇಖನದ ಒಂದು ವಾಕ್ಯ ತಿದ್ದಿಲ್ಲ. ಹೆಸರು ಮುಚ್ಚಿ ಯಾರಾದರೂ ನಮ್ಮ ಮುಂದೆ ಈ ಪಟ್ಟಿ ಇಟ್ಟಿದ್ದರೆ ನಾವೇ ಮೊದಲು ಕೈ ಹಾಕಿ ತೆಗೀತಿದ್ವಿ. ಸ್ಪ್ಯಾಮ್ ಅನ್ನೋದು ಕೊಂಡಿಯ ಆ ತುದಿಯಲ್ಲಿ ಏನಿದೆ ಎಂಬುದರ ಮೇಲೆ ಮಾತ್ರ ನಿಂತಿಲ್ಲ. ಲೇಖನಕ್ಕೋಸ್ಕರ ಕೊಂಡಿ ಬಂತಾ, ಕೊಂಡಿಗೋಸ್ಕರ ಲೇಖನ ಬೇಕಾಯ್ತಾ ಅಂತ ನೋಡಬೇಕು. ಒಂದು ವಾಕ್ಯಕ್ಕೆ ಆಧಾರವಾಗಿ ಕೊಟ್ಟ ಕೊಂಡಿಗೆ ಕೆಲಸ ಇದೆ. ಪುಟದ ಬುಡದಲ್ಲಿ 'ಇದನ್ನೂ ನೋಡಿ' ಅಂತ ಸುಮ್ಮನೆ ನೇತುಹಾಕಿದ್ದಕ್ಕೆ ಅಷ್ಟು ಇಲ್ಲ. ಸಣ್ಣ ಭಾಷೆಗಳ ವಿಕಿಗಳನ್ನು ಗಮನಿಸಲು ಸ್ಮಾಲ್ ವಿಕಿ ಮಾನಿಟರಿಂಗ್ ಟೀಮ್ ಎಂಬ ಜಾಗತಿಕ ಸ್ವಯಂಸೇವಕರ ಗುಂಪಿದೆ. ತಾವು ಕಾಯುವ ಪ್ರತಿಯೊಂದು ಭಾಷೆಯೂ ಅವರಿಗೆ ಬರೋದು ಸಾಧ್ಯವೇ ಇಲ್ಲ. ಪಠ್ಯ ಓದಲು ಬಾರದವರಿಗೆ ಕಾಣೋದು ಕೊಂಡಿಗಳ ಈ ಚಹರೆಯೇ.

ಇಷ್ಟೆಲ್ಲ ಆದ ಮೇಲೂ ಒಂದು ಬಗೆಯ ಸ್ಪ್ಯಾಮ್ ಯಾವ ಚಿಲಕಕ್ಕೂ ಸಿಗೋದಿಲ್ಲ: ಒಳಗೆ ಬಂದಾಗ ಒಳ್ಳೆಯದಾಗಿದ್ದು, ಆಮೇಲೆ ಕೆಟ್ಟ ಕೊಂಡಿ. ನಮ್ಮ 'ಧ್ವನಿ ಪ್ರತಿಫಲನ' ಪುಟದಲ್ಲಿ ರಂಗಮಂದಿರಗಳ ಧ್ವನಿ ವ್ಯವಸ್ಥೆ ಬಗ್ಗೆ ಬರೆದಿದ್ದ ಒಂದು ನಾಟಕ ತಂಡದ ಸೈಟಿಗೆ ಕೊಂಡಿ ಇತ್ತು. ತಂಡದವರು ಡೊಮೇನ್ ನವೀಕರಿಸಲಿಲ್ಲ. ಅವಧಿ ಮುಗಿದ ಡೊಮೇನನ್ನು ಯಾರು ಬೇಕಾದರೂ ಕೊಳ್ಳಬಹುದು. ಹಳೆ ಕೊಂಡಿಗಳ ಮತ ಬಿಟ್ಟಿಯಾಗಿ ಸಿಗುತ್ತೆ ಅಂತಲೇ ಹುಡುಕಿ ಕೊಳ್ಳುವವರಿದ್ದಾರೆ. ಈಗ ಅದನ್ನು ಒತ್ತಿದರೆ ರಮ್ಮಿ ಆಟದ ಜಾಹೀರಾತು ಬರ್ತಿತ್ತು. ಎಷ್ಟು ತಿಂಗಳಿಂದ ಬರ್ತಿತ್ತೋ. ನಮ್ಮ ಪುಟದ ಇತಿಹಾಸದಲ್ಲಿ ಒಂದಕ್ಷರ ಬದಲಾಗಿಲ್ಲ, ಹಾಗಾಗಿ ಯಾವ ಫಿಲ್ಟರಿಗೂ ಸುಳಿವಿಲ್ಲ.

ಸತ್ತ ಕೊಂಡಿ ಹುಡುಕೋದು ಸುಲಭ, ಸರ್ವರ್ 404 ಅಂತ ಹೇಳುತ್ತೆ. ಪರಕಾಯ ಪ್ರವೇಶ ಮಾಡಿದ ಕೊಂಡಿ 200 ಅಂತ ನಗುನಗುತ್ತಾ ಉತ್ತರ ಕೊಡುತ್ತೆ. ಇಂಗ್ಲಿಷ್ ವಿಕಿಪೀಡಿಯದ ಉಲ್ಲೇಖದ ಟೆಂಪ್ಲೇಟ್‌ಗಳಲ್ಲಿ ಇಂಥದ್ದನ್ನು 'ಕಬಳಿಸಲಾಗಿದೆ' ಎಂಬ ಅರ್ಥದ ಗುರುತು ಹಾಕಿ, ಮೂಲ ವಿಳಾಸಕ್ಕೆ ಕೊಂಡಿ ಕೊಡದೆ, ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಶೀನ್‌ನಲ್ಲಿ ಉಳಿದ ಹಳೆ ಪ್ರತಿಯನ್ನು ತೋರಿಸುವ ಏರ್ಪಾಡಿದೆ. ನಾವು ಅದನ್ನೇ ಅನುಸರಿಸಿದ್ವಿ. ಈಗ ಯಾರೇ ಹೊಸ ಕೊಂಡಿ ಹಾಕಿದರೂ ಅದೇ ದಿನ ವೇಬ್ಯಾಕ್‌ನಲ್ಲಿ ಒಂದು ಪ್ರತಿ ಉಳಿಸಿ, ಆ ದಿನಾಂಕವನ್ನು ಪಕ್ಕದಲ್ಲಿ ಬರೆಯೋದು ರೂಢಿ. ನಾಟಕ ತಂಡದ ಹಳೆ ಪುಟ ಅಲ್ಲಿ ಸಿಕ್ಕಿತು, ಫೋಟೋಗಳು ಮಾತ್ರ ಹೋಗಿದ್ದವು.

ಕೊನೆಗೆ, ಬಾಗಿಲನ್ನು ಪೂರ್ತಿ ಮುಚ್ಚಿಬಿಡೋಣ, ಬಳಗದ ಹದಿನೈದು ಜನ ಮಾತ್ರ ಬರೆಯಲಿ ಎಂಬ ಮಾತೂ ಬಂತು. ಮತಕ್ಕೆ ಹಾಕಿದ್ವಿ, ಎರಡೇ ಮತದಲ್ಲಿ ಬಿದ್ದುಹೋಯ್ತು. ಜರ್ಮನ್ ವಿಕಿಪೀಡಿಯ 2008ರಿಂದ ಮಾಡ್ತಿರುವಂಥ ವ್ಯವಸ್ಥೆಯನ್ನು ನಾವು ಚಿಕ್ಕದಾಗಿ ತಂದಿದ್ದೇವೆ: ಹೊಸಬರು ಬರೆದದ್ದು ಹಳಬರೊಬ್ಬರು ಕಣ್ಣಾಡಿಸಿದ ಮೇಲೆ ಎಲ್ಲರಿಗೂ ಕಾಣುತ್ತೆ. ತಡ ಆಗುತ್ತೆ, ನಿಜ. ಬರೆದ ತಕ್ಷಣ ಪುಟದಲ್ಲಿ ಕಾಣುವ ಖುಷಿ ಇಲ್ಲ. ಅದಕ್ಕೆ 24 ಗಂಟೆಯೊಳಗೆ ನೋಡಲೇಬೇಕು ಅಂತ ಸರದಿ ಹಾಕಿಕೊಂಡಿದ್ದೇವೆ, ಪರೀಕ್ಷೆ ಹಿಂದಿನ ದಿನವೂ ಸೇರಿ. ತಡೆದರೆ ಯಾಕೆ ಅಂತ ಕನ್ನಡದಲ್ಲಿ ಒಂದು ಸಾಲು, ಕೆಳಗೆ ತಡೆದವರ ಹೆಸರು. 'ಹಾನಿಕಾರಕ' ಅನ್ನುವ ಪದವನ್ನು ಎಲ್ಲ ಸಂದೇಶಗಳಿಂದ ತೆಗೆದಿದ್ದೇವೆ.

ಕಾಂಕ್ರೀಟ್ ಪುಟ ಬರೆದವಳು ಈಗ ಬುಧವಾರದ ಸರದಿಯಲ್ಲಿದ್ದಾಳೆ. ಇದನ್ನು ಬರೆಯುವ ಹೊತ್ತಿಗೆ ಸಾಲಿನಲ್ಲಿ ಮೂರು ತಿದ್ದುಪಡಿ ಕಾಯ್ತಿವೆ. ಎರಡು ಒಂದು ನೋಟಕ್ಕೇ ಸರಿ ಕಾಣ್ತವೆ. ಮೂರನೆಯದರಲ್ಲಿ 'ಬೆಸುಗೆ' ಪುಟಕ್ಕೆ ಯಾರೋ ಎರಡು ಒಳ್ಳೆಯ ಪ್ಯಾರಾ ಬರೆದು, ಕೆಳಗೆ ತಮ್ಮೂರಿನ ವೆಲ್ಡಿಂಗ್ ಅಂಗಡಿಯ ಕೊಂಡಿಯನ್ನೂ ಹಾಕಿದ್ದಾರೆ. ಪ್ಯಾರಾ ಉಳಿಸೋದರಲ್ಲಿ ತಕರಾರಿಲ್ಲ. ಕೊಂಡಿಯ ಬಗ್ಗೆ ಮಧ್ಯಾಹ್ನದಿಂದ ಗುಂಪಿನಲ್ಲಿ ಜಗಳ ನಡೀತಾ ಇದೆ.